ಎರಡು ಹಿಡಿ

ಧರ್ಮದ ಪೆಟ್ಟಿಗೆ ಹಿಡಿದು ಒಬ್ಬನೇ ಹೋಗುವ ಹಾಗಿಲ್ಲ,
ನಮ್ಮ ಸಲೋನಿಕಾದಲ್ಲಿ ಅದು ಅಜ್ಜಂದಿರ ಕಟ್ಟಳೆ.
ಹಾಗಾಗಿ ನಾನು, ಬಣ್ಣ ಹಾಕುವ ಬೊಹೋರ್,
ಅವನು, ಹಗ್ಗ ಹೊಸೆಯುವ ಮೆರ್ಕಾದೋ,
ಒಂದು ಗೋಡೆಯ ಜಗಳಕ್ಕೆ
ಹನ್ನೊಂದು ವರ್ಷ ಮಾತು ಬಿಟ್ಟವರು,
ಶುಕ್ರವಾರ ಶುಕ್ರವಾರ ಮನೆ ಮನೆ ತಿರುಗಿದೆವು,
ವಿಧವೆಯರ ಸಬ್ಬತ್ತಿನ ರೊಟ್ಟಿಗೆಂದು.

ಊರು ನಕ್ಕಿತು:
ಇವರಿಗಿಂತ ಗಟ್ಟಿ ಬೀಗ ಯಾವ ಕಮ್ಮಾರ ಮಾಡಿಯಾನು?

ಒಮ್ಮೆ ಮೀನಿನಂಗಡಿಯೆದುರು
ನನ್ನ ಹರಕು ಜೇಬಿನಿಂದ ನನ್ನದೇ ಒಂದು ಪರಾ ಉರುಳಿತು.
ಎತ್ತಿಕೊಂಡೆ. ಅವನು ನೋಡಿದ.
ಬೀದಿಯೂ ನೋಡಿತು.
ನನ್ನದೆಂದು ಯಾರಿಗೆ ಹೇಳಲಿ?
ಪೆಟ್ಟಿಗೆಗೆ ಹಾಕಿಬಿಟ್ಟೆ.
ಆ ರಾತ್ರಿ ನಮ್ಮ ದೀಪಕ್ಕೆ ಎಣ್ಣೆ ಸಾಲಲಿಲ್ಲ.

ಮುಂದಿನ ವಾರ ಅದೇ ಜಾಗ,
ಮೆರ್ಕಾದೋನ ಜೇಬಿನಿಂದಲೂ ಒಂದು ಪರಾ ಬಿತ್ತು.
ನನ್ನತ್ತ ನೋಡದೆ ಎತ್ತಿ ಪೆಟ್ಟಿಗೆಗೆ ಹಾಕಿದ.
ಅವನ ಜೇಬು ಹರಿದಿರಲಿಲ್ಲ.

ಅವನು ಹೋಗಿ ಇವತ್ತಿಗೆ ಒಂಬತ್ತು ದಿನ.
ಪೆಟ್ಟಿಗೆ ಹೊಸಿಲ ಮೇಲಿದೆ:
ಒಂದು ಹಿಡಿ ನನ್ನ ಬೆರಳಿಂದ ನೀಲಿ,
ಇನ್ನೊಂದಕ್ಕೆ ಸೆಣಬಿನ ಎಳೆ ಅಂಟಿದೆ, ಕಿತ್ತಿಲ್ಲ.

ಹೊಸ ಜೊತೆಗಾರ ಬಂದಿದ್ದಾನೆ, ನಗುಮುಖದ ಹುಡುಗ.
ನಾನು ಎಣಿಸುವಾಗ ಅತ್ತ ತಿರುಗಿ ನಿಲ್ಲುತ್ತಾನೆ,
ನನ್ನನ್ನು ಪೂರ್ತಿ ನಂಬುತ್ತಾನಂತೆ.

ಕೈ ನಡುಗುತ್ತದೆ ನನಗೆ.