ಸಾಮಾನ್ಯ ಸವೆತ

ಗುರುವಾರ. ಡುಲುತ್ ಊರಿನ ಸಣ್ಣ ದಾವೆಗಳ ಕೋರ್ಟು.
ಕಿಟಕಿಯಾಚೆ ಸರೋವರ ಅಂಚಿನವರೆಗೂ ಹೆಪ್ಪುಗಟ್ಟಿದೆ.
ಏಳನೆಯ ದಾವೆ: ಎಂಟುನೂರು ಡಾಲರು ಮುಂಗಡ,
ಹಿಂದಿರುಗಿಸದ ಮಾಲೀಕ ಹಾಲ್ವರ್ಸನ್,
ಬಾಡಿಗೆಗಿದ್ದವಳು ಐಲಿ ರೌತಿಯೊ, ಎಪ್ಪತ್ತಾರು,
ಉಣ್ಣೆಯ ಟೋಪಿ ತೆಗೆಯಲು ಮರೆತಿದ್ದಾಳೆ.

ಅವನು ಫೋಟೊ ಕೊಟ್ಟ.
ಅಡುಗೆಮನೆ, ಸಿಂಕಿನ ಮುಂದಿನ ನೆಲ.
ಲಿನೋಲಿಯಮ್ಮಿನ ಹೂವು ಅಳಿದು, ಅಡಿಯ ಕಪ್ಪೂ ಅಳಿದು
ಹಲಗೆಯಲ್ಲೇ ಎರಡು ತಗ್ಗು,
ಎಡಗಾಲಿನದು ತುಸು ಆಳ.
"ಇದು ಹಾನಿ," ಎಂದ. "ನನ್ನ ನೆಲ."

ಎಡಗಾಲು ಯಾಕೆ? ಕೇಳಿದೆ.
ಐಲಿ ತಬ್ಬಿಬ್ಬಾಗಿ, ಆಮೇಲೆ ಎದ್ದು ನಿಂತು ತೋರಿಸಿದಳು:
ಎಡಸೊಂಟದ ಮೇಲೆ ಮಗು, ಬಲಗೈ ನೀರಿನಲ್ಲಿ.
ಮೊದಲು ಮಗಳು, ಆಮೇಲೆ ಮಗಳ ಮಗ,
ಆಮೇಲೆ ಯಾರೂ ಇಲ್ಲದಾಗಲೂ
ಕಾಲಿಗೆ ಅದೇ ರೂಢಿ.

ಕಾನೂನು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು:
ಆಸ್ತಿಯೆಂದರೆ ಹಕ್ಕುಗಳ ಹೊರೆ, ಕಡ್ಡಿ ಕಡ್ಡಿಯಾಗಿ ಬಿಡಿಸಬಹುದು.
ಮಾರುವ ಕಡ್ಡಿ, ಹೊರಗಟ್ಟುವ ಕಡ್ಡಿ, ಉಯಿಲು ಬರೆಯುವ ಕಡ್ಡಿ.
ಬರೆದುಕೊಂಡೆವು ತೊಂಬತ್ತು ಜನ, ಅದರಲ್ಲಿ ಹುಡುಗಿಯರು ಆರು.
ಹೊರೆಯೆಂದ ಮೇಲೆ ಹೊತ್ತವರು ಯಾರು
ಎಂದು ನಾನೂ ಕೇಳಲಿಲ್ಲ.

ಈಗ ಕೇಳಿದರೂ ಕಷ್ಟವೇ.
ಆ ತಗ್ಗು ಅವಳದೆಂದರೆ ಬೆಲೆ ಹೇಳಬೇಕು,
ಬೆಲೆ ಹೇಳಿದ್ದು ನಾಳೆ ಬಿಕರಿಗೆ.
ಅವಳದಲ್ಲವೆಂದರೆ ಬರೀ ಕೊಳೆ, ಒರೆಸಿದರಾಯಿತು.
ಅತ್ತ ದರಿ, ಇತ್ತ ಪುಲಿ,
ನಡುವೆ ಹನ್ನೊಂದೂವರೆಯ ಮುಂದಿನ ದಾವೆ.

ಪರಿಪೂರ್ಣ ನ್ಯಾಯ ಬಲ್ಲವರು ಬೇರೆ ಕೋರ್ಟಿನಲ್ಲಿರಬೇಕು.
ನನ್ನ ಮುಂದಿದ್ದದ್ದು ಒಂದು ನಮೂನೆ, ಅದರಲ್ಲಿ ಎರಡು ಪದ:
ಸಾಮಾನ್ಯ ಸವೆತ.
ಯಾರೋ ಗಂಡಸರು ಬಣ್ಣ, ಚಿಲಕ, ಪರದೆ ನೆನೆದು ಬರೆದದ್ದು.
ಸಾಲದು. ಆದರೆ ಗೋಡೆಯಲ್ಲಿ ಕೈಗೆಟುಕುವ ಮೊಳೆ ಅದೊಂದೇ.
ಅದಕ್ಕೇ ತೂಗುಹಾಕಿದೆ ನಲವತ್ತೊಂದು ವರ್ಷ.

ಎಂಟುನೂರೂ ಹಿಂದಿರುಗಿಸತಕ್ಕದ್ದು. ಬಡ್ಡಿ ಸಹಿತ.

ಐಲಿ ಚೆಕ್ಕಿನ ಮಾತೆತ್ತಲಿಲ್ಲ. ಕೇಳಿದ್ದು:
"ಆ ಹಲಗೆ ಕಿತ್ತು ಎಲ್ಲಿಗೆ ಹಾಕ್ತಾನೆ?"
ಅದು ದಾವೆಯಲ್ಲಿರಲಿಲ್ಲ.
ಹಾಗೆಂದೇ ಹೇಳಿದೆ.

ಊಟದ ಬಿಡುವಿನಲ್ಲಿ ಪೀಠದಡಿ ಬಗ್ಗಿ ನೋಡಿದೆ.
ಕಾರ್ಪೆಟ್ಟು ಸವೆದಿತ್ತು,
ನನಗಿಂತ ಮೊದಲಿನವರ ಬೂಟಿಗೆ, ಅಗಲವಾಗಿ.
ಕಾಲಿಟ್ಟು ನೋಡಿದೆ. ಸುತ್ತ ಇನ್ನೂ ಜಾಗ ಉಳಿಯಿತು.