ತೂಕವಿಲ್ಲದವನ ತೂಕ

ಹತ್ತು ಚಿತ್ರಗಳ ತನಕ ನಮ್ಮ ಗೂಢಚಾರ ನೆಲದ ಮೇಲೇ ಇದ್ದ.
ರೈಲಿನ ನೆತ್ತಿಯ ಮೇಲೆ ಗುದ್ದಾಡಿದ,
ಜೂಜಿನ ಮೇಜಲ್ಲಿ ಎಲೆ ಕಲೆಸಿದ,
ಶಾರ್ಕಿನ ಕೊಳಕ್ಕೆ ಬಿದ್ದೂ
ಕೋಟಿನ ಇಸ್ತ್ರಿ ಮುರಿಯದೆ ಎದ್ದು ಬಂದ.
ಹನ್ನೊಂದನೆಯದಕ್ಕೆ ನಿರ್ಮಾಪಕರು ತಲೆಯೆತ್ತಿ ನೋಡಿದರು:
ಆ ವರ್ಷ ದುಡ್ಡೆಲ್ಲ ಆಕಾಶದಲ್ಲಿತ್ತು.

ಸುದ್ದಿ ನಮಗೆ ಮುಟ್ಟಿದ್ದು ಚಹಾದ ಗಾಡಿಯ ಹತ್ತಿರ.
"ಇವನಿಗೂ ರಾಕೆಟ್ಟಂತೆ," ಎಂದಳು ಡೋರೀನ್
ಬನ್ನಿಗೆ ಬೆಣ್ಣೆ ಸವರುತ್ತ,
"ಮುಂದೇನು, ಮಂಗಳನಲ್ಲಿ ಮದುವೆಯೋ?"

ನಾನು ಕ್ಲಿಫರ್ಡ್ ಪಾರ್ಜಿಟರ್. ತಂತಿಯವನು.
ಚಾಥಮ್ಮಿನ ಹಡಗುಕಟ್ಟೆಯಲ್ಲಿ ಗಂಟು ಹಾಕಲು ಕಲಿತವನು.

ಲಂಡನ್ನಿನ ಪಶ್ಚಿಮಕ್ಕೆ, ಎಲೆಕೋಸಿನ ಹೊಲಗಳಾಚೆ,
ಏಳನೇ ಶೆಡ್ಡಿನಲ್ಲಿ ಕಪ್ಪು ಮಖಮಲ್ಲು ಇಳಿಬಿಟ್ಟರು.
ಇಬ್ಬರು ಹುಡುಗಿಯರು ಮೂರು ದಿನ ಕೂತು
ದಬ್ಬಣದಲ್ಲಿ ಚುಚ್ಚಿ ಚುಚ್ಚಿ ನಕ್ಷತ್ರ ಮಾಡಿದರು.
ಒಬ್ಬಳು ಬಲಮೂಲೆಯಲ್ಲಿ ಯಾರಿಗೂ ಹೇಳದೆ
ತನ್ನ ಹುಡುಗನ ಹೆಸರಿನ ಮೊದಲಕ್ಷರ ಚುಚ್ಚಿದಳು.
ಚಿತ್ರ ಮುಗಿಯುವ ಮೊದಲೇ ಅವನು ಬೇರೊಬ್ಬಳ ಜೊತೆ ಹೋದ.
ಅಕ್ಷರ ಈಗಲೂ ಅಲ್ಲೇ ಉರಿಯುತ್ತಿದೆ, ಶನಿಯ ಪಕ್ಕ.

ಇಲ್ಲಿ ಯಾರಿಗೂ ತೂಕವಿಲ್ಲ, ಎಂದು ಸ್ಕ್ರಿಪ್ಟಿನಲ್ಲಿ ಬರೆದಿತ್ತು.
ನಾಯಕನ ಬದಲಿಗೆ ನೇತಾಡುವ ಲೆನ್ ಟ್ರೊಟ್ ಎಂಬತ್ತೆರಡು ಕೆಜಿ,
ಬೆಳ್ಳಿ ಸೂಟು ಹದಿನೆಂಟು,
ಮಧ್ಯಾಹ್ನ ತಿಂದ ಪೈ ಬೇರೆ.
ಅಷ್ಟೂ ನನ್ನ ಎರಡು ಪಿಯಾನೋ ತಂತಿಗಳ ಮೇಲೆ.
ಬೂಟ್‌ಪಾಲಿಶ್ ಬಳಿದು ಕತ್ತಲಲ್ಲಿ ಅಡಗಿಸಿದ್ದೆ.
ತೆಳ್ಳಗಾದಷ್ಟೂ ಕ್ಯಾಮೆರಾಗೆ ಕಾಣುವುದಿಲ್ಲ;
ತೆಳ್ಳಗಾದಷ್ಟೂ ನನಗೆ ನಿದ್ದೆ ಬರುವುದಿಲ್ಲ.

ನಿಧಾನ, ಇನ್ನೂ ನಿಧಾನ, ಎಂದರು ನಿರ್ದೇಶಕರು,
ಗುದ್ದು ಕೂಡ ಬೂರುಗದ ಹತ್ತಿಯಂತೆ ತೇಲಬೇಕು.
ಖಳನ ಆಳು ತೇಲಿಹೋದ.
ಲೇಸರ್ ಕೋವಿಯಿಂದ ಏನೂ ಹೊರಡಲಿಲ್ಲ,
ಬೆಳಕನ್ನು ಆಮೇಲೆ ಗೀಚುತ್ತಾರೆ, ಸದ್ದನ್ನು ಆಮೇಲೆ ಅಂಟಿಸುತ್ತಾರೆ.
ಅಲ್ಲಿಯವರೆಗೆ ಲೆನ್ ಹೆಲ್ಮೆಟ್ಟಿನೊಳಗೆ ತಾನೇ
"ಪಿಯೂ, ಪಿಯೂ" ಎನ್ನುತ್ತಿದ್ದ, ಯಾರಿಗೂ ಕೇಳದೆಂದು.
ಒಳಗೆ ಮೈಕಿತ್ತು. ಶೆಡ್ಡಿಗೆ ಶೆಡ್ಡೇ ನಕ್ಕಿತು.

ನಾನು ನಗಲಿಲ್ಲ.
ರಾಟೆಯ ಬಳಿ, ನನ್ನ ಅಂಗೈ ಕೆಳಗೆ,
ಎಡಗಡೆಯ ತಂತಿ ಟಿಣ್ ಎಂದಿತ್ತು.
ಒಂದೇ ಸಲ.

ಇಳಿಸಿ, ಎಂದೆ.
ದಪ್ಪ ತಂತಿ ಹಾಕುತ್ತೇನೆ, ಎಂದೆ.
ದಪ್ಪದ್ದು ಕಾಣುತ್ತದೆ ಕ್ಲಿಫ್, ಎಂದರು, ಒಂದು ದಿನಕ್ಕೆ
ಎಷ್ಟು ಸಾವಿರ ಪೌಂಡು ಗೊತ್ತೇನು ಎಂದರು.
ಕಂಡರೆ ಕಾಣಲಿ, ಎಂದೆ.
ಸೊಂಟದ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟೆ, ಸುತ್ತಿಗೆ ಸಮೇತ.
ಅವರು ಮೇಜು ನೋಡಿದರು, ಗಡಿಯಾರ ನೋಡಿದರು.
ದಪ್ಪದ್ದೇ ಹಾಕಿದೆ.

ಮುಂದಿನ ಬೇಸಿಗೆ, ಅಕ್ಸ್‌ಬ್ರಿಜ್ಜಿನ ಟಾಕೀಸು.
ಪತ್ರಿಕೆಯವರು ಆಗಲೇ ಉಗಿದಾಗಿತ್ತು:
ಗೂಢಚಾರನಿಗೆ ಗುಟ್ಟೇ ಉಳಿದಿಲ್ಲ, ನಕ್ಷತ್ರ ಮಾತ್ರ ಬೇಕಾದಷ್ಟು.
ಸಭೆ ಅದೇ ನಕ್ಷತ್ರಕ್ಕೆ ಬಾಯಿಬಿಟ್ಟು ಕೂತಿತ್ತು.
ಐದನೇ ರೀಲಿನಲ್ಲಿ ನಾನು ಉಸಿರು ಹಿಡಿದೆ.
ಬಂತು.
ಅವನ ಎಡಭುಜದಿಂದ ಮೇಲಕ್ಕೆ, ಅರೆ ಸೆಕೆಂಡು,
ಬೆಳಕು ತಾಗಿದ ಒಂದು ಗೀರು.

"ಅಪ್ಪಾ, ಉಲ್ಕೆ!" ಎಂದಳು ನನ್ನ ಹೇಜಲ್.
ಹೌದು ಮಗಳೇ, ಎಂದೆ.

ಹಿಂದಿನ ಸಾಲಿನಲ್ಲಿ ಲೆನ್ ಟ್ರೊಟ್
ಕಡಲೆಬೀಜ ಜಗಿಯುತ್ತ ಕೂತಿದ್ದ.
ಅವನು ಒರಗಿದಾಗಲೆಲ್ಲ
ಕುರ್ಚಿ ಕಿರ್ರೆನ್ನುತ್ತಿತ್ತು.