ಹಸಿರು ಮಸಿಯ ಸಹಿ

ಎಂಟನೇ ಕ್ಲಾಸು, ಮಾರ್ಚ್ ತಿಂಗಳು. ಹೂಮಳೆ ಬಂದಿರಲಿಲ್ಲ.
ಕಾಫಿಗಿಡಗಳು ಮೊಗ್ಗು ಬಿಗಿಹಿಡಿದು ನಿಂತಿದ್ದವು.
ಸ್ಕೌಟ್ ಡೈರಿಯಲ್ಲಿ ಆ ದಿನದ ಗೆರೆ ಖಾಲಿ.
ಮೊಣ್ಣಪ್ಪ ಮೇಷ್ಟ್ರ ಸೈಕಲ್ಲು ಗೇಟು ದಾಟುವುದರೊಳಗೆ
ಗೀಚಿದೆ: ‘ಸುಂಟಿಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ
ಸೋರುತ್ತಿದ್ದ ನಲ್ಲಿ ನಿಲ್ಲಿಸಿದೆ.’

ಮೇಷ್ಟ್ರು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.
ಹಸಿರು ಮಸಿಯಲ್ಲಿ ಸಹಿ. ಕೆಳಗೆ ಸಣ್ಣಗೆ:
‘ಹೇಗೆ ನಿಲ್ಲಿಸಿದೆ? ನಾಳೆ ತೋರಿಸು.’

ಸಂಜೆ ಹೋಗಿ ನೋಡಿದರೆ
ಆ ನಲ್ಲಿಗೆ ತಿರುಪೇ ಇಲ್ಲ.
ಯಾವ ಕಾಲಕ್ಕೋ ಮುರಿದುಹೋಗಿದೆ. ನೀರು
ಕಲ್ಲಿನಲ್ಲಿ ಬೊಗಸೆಯಷ್ಟು ಗುಂಡಿ ಕೊರೆದು
ನನ್ನ ಸುಳ್ಳನ್ನು ಊರಿಗೆಲ್ಲ ಕೇಳುವಂತೆ ಓದುತ್ತಿದೆ.
ಕಾವೇರಿ ಹುಟ್ಟುವ ಜಿಲ್ಲೆ;
ಒಂದು ನಲ್ಲಿ ಸೋರಿದರೆ ಯಾರ ಗಂಟು ಹೋಯಿತು?

ಕಾಫಿ ಕಡ್ಡಿ ಕೆತ್ತಿ ಬೆಣೆ ಮಾಡಿ ಬಾಯಿಗೆ ತುರುಕಿದೆ.
ಕೊರಳ ಸ್ಕಾರ್ಫು ಬಿಚ್ಚಿ ಸುತ್ತಿ
ಬಲದ ಮೇಲೆ ಎಡ, ಎಡದ ಮೇಲೆ ಬಲ—
ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ್ದ ಗಂಟು
ಅಂದು ಕೂತಿತು.
ಅಂಗಿ ಪೂರ್ತಿ ಒದ್ದೆ. ಹೋಟೆಲಿನ ಬೆಂಚೆಲ್ಲ ನಕ್ಕಿತು.

ಮರುದಿನ ಕವಾಯತಿನಲ್ಲಿ ನನ್ನದೊಂದೇ ಬರಿಗೊರಳು.
ಸ್ಕಾರ್ಫು ಎಲ್ಲಿ ಅಂತ ಮೇಷ್ಟ್ರು ಕೇಳಲಿಲ್ಲ.
‘ಬೆಣೆ ಎಷ್ಟು ದಿನ ತಡೆದೀತು?’ ಅಂದರು.

ನಾವು ಕೊಕ್ಕರೆ ದಳ, ಆರು ಜನ:
ಅಯೂಬ, ಸೆಲ್ವರಾಜ, ಲೈನ್‌ಮನೆಯ ಮುತ್ತ,
ಹೆಸರು ಮರೆತ ಇಬ್ಬರು, ಮತ್ತೆ ನಾನು.
ಪಂಚಾಯಿತಿಗೆ ಅರ್ಜಿ ಬರೆದೆವು. ಮೂರು ಸಲ.
ಗುಮಾಸ್ತ ಕೇಳಿದ, ‘ನಿಮಗೆ ಓಟಿದೆಯೇನ್ರೋ?’
‘ಬಾಯಾರಿಕೆ ಇದೆ ಸಾರ್’ ಅಂದ ಸೆಲ್ವರಾಜ.
ನಾಲ್ಕನೇ ಸಲಕ್ಕೆ ಹಿತ್ತಾಳೆ ನಲ್ಲಿ ಬಂತು.
ರಿಪೇರಿಯವನು ನನ್ನ ಸ್ಕಾರ್ಫಿನಲ್ಲಿ
ಗ್ರೀಸು ಒರೆಸಿಕೊಂಡು ಹೋದ.

ಈಗ ನಾನು ಅದೇ ಪಂಚಾಯಿತಿಯ ನೀರುಗಂಟಿ.
ಬೆಳಗಿನ ಐದಕ್ಕೆ, ಆನೆ ದಾಟಿ ಹೋದವೋ ಅಂತ ಕಿವಿಗೊಟ್ಟು,
ಗುಡ್ಡದ ಟ್ಯಾಂಕಿನ ವಾಲ್ವ್ ತಿರುಗಿಸುತ್ತೇನೆ.
ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ರಿಜಿಸ್ಟರು.
ಅದನ್ನು ಯಾರೂ ಓದುವುದಿಲ್ಲ. ಮೇಲಧಿಕಾರಿ ಬಂದದ್ದು
ಹೋದ ವರ್ಷ, ಅದೂ ಕಿತ್ತಳೆ ಕೊಳ್ಳಲು.

ಇವತ್ತು ಬರೆದೆ:
‘ಹತ್ತು ನಿಮಿಷ ತಡ. ಕಾರಣ: ನಿದ್ದೆ.’
ಸಹಿಯ ಜಾಗ ಖಾಲಿ.

ಕೆಳಗೆ ಕತ್ತಲಲ್ಲಿ ಯಾವುದೋ ಕೊಡ ತುಂಬಿ
ಉಕ್ಕುವ ಸದ್ದು.
ಯಾರಪ್ಪಾ ಅದು,
ನಲ್ಲಿ ನಿಲ್ಲಿಸಿ!